ಏಳೋ ಎಂಟೋ

ಮಳೆ ಹಿಡಿಯುವ ಮೊದಲು ಹಿತ್ತಲಿನ ಸಗಣಿ ಕುಳ್ಳನ್ನು ಒಳಗೆ ಒಟ್ಟಬೇಕಿತ್ತು. ಗುರುಶಾಂತಮ್ಮ ಬೆಳಗಿನಿಂದ ಬುಟ್ಟಿ ಹೊತ್ತು ಹಾಕುತ್ತಿದ್ದಳು. ಇನ್ನೊಂದು ಬುಟ್ಟಿ ಎತ್ತುವಾಗ ನಡು ಹಿಡಿದಂತಾಯಿತು. ಭಾರಕ್ಕೆ ಇರಬಹುದೆಂದು ಗೋಡೆಗೆ ಒರಗಿ ನಿಂತಳು. ಆಮೇಲೆ ಕಾಲಗುಂಟ ನೀರು ಇಳಿದು ಸೀರೆ ತೊಯ್ದಿತು. ಅವಳಿಗೆ ಹತ್ತೊಂಬತ್ತು ವರ್ಷ, ಮೊದಲ ಬಸಿರು. ಆದರೂ ಇದು ಇಷ್ಟು ಬೇಗ ಆಗಬಾರದೆಂಬುದು ತಿಳಿದಿತ್ತು. ಕಾರ ಹುಣ್ಣಿಮೆ ಈಗಷ್ಟೇ ಮುಗಿದಿತ್ತು. ಶ್ರಾವಣದ ಪಂಚಮಿಗೆ ತವರಿಗೆ ಕಳಿಸುವುದೆಂದು ಮಾತಾಗಿತ್ತು.

ಅತ್ತೆ ಗುರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೊಸೆಯ ಮುಖ ನೋಡಿ ಮೊರ ಕೆಳಗಿಟ್ಟಳು.

“ಏನಾತ ಬೇ?”

“ನೀರ ಹೋದ್ವು ಅತ್ತಿ.”

ಅವರ ಹೊಲವನ್ನು ಪಾಲಿಗೆ ಮಾಡುವ ಸೈದಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಗುರಮ್ಮ ಅವನನ್ನು ಊರ ಹೊರಗಿನ ಕೇರಿಗೆ ಓಡಿಸಿದಳು. ಸೂಲಗಿತ್ತಿ ಸಾಬವ್ವ ಬರುವಷ್ಟರಲ್ಲಿ ನಡುಮನೆಯ ಮಗ್ಗುಲಿನ ಕೋಣೆಯಲ್ಲಿ ಹಳೆಯ ಕೌದಿ ಹಾಸಿ, ಒಲೆಯ ಮೇಲೆ ನೀರಿಟ್ಟಿದ್ದಳು. ಆಳಂದದಲ್ಲಿ ಒಂದು ದವಾಖಾನೆ ಇತ್ತು. ಹೆರಿಗೆಗೆಂದು ಅಲ್ಲಿಗೆ ಹೋದ ಹೆಂಗಸನ್ನು ತಮ್ಮ ಊರು ಕಿಣ್ಣಿ ಸುಲ್ತಾನದಲ್ಲಿ ಯಾರೂ ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಂಡು ಹುಟ್ಟಿತು. ಸಾಬವ್ವನ ಅಂಗೈ ಮೀರಿ ಸ್ವಲ್ಪವೇ ಉದ್ದವಿತ್ತು. ಚರ್ಮದ ಕೆಳಗೆ ನರಗಳು ಕಾಣುತ್ತಿದ್ದವು. ಅಳಲಿಲ್ಲ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಂದು ಸದ್ದು ಮಾಡಿತು. ಸಾಬವ್ವ ಅದನ್ನು ಬಟ್ಟೆಯ ಮೇಲಿಟ್ಟು ಗುರುಶಾಂತಮ್ಮನ ಹೊಟ್ಟೆಯನ್ನು ಒತ್ತಿ ನೋಡಿದಳು. ಮತ್ತೊಮ್ಮೆ ಒತ್ತಿ ನೋಡಿದಳು.

“ಎವ್ವಾ, ಒಳಗ ಇನ್ನೊಂದದ.”

“ಏನಂದಿ?” ಅಂದಳು ಗುರಮ್ಮ.

“ಜೋಡಿ ಅದ. ಅದಕ್ಕ ಜಲ್ದಿ ಬಂದಾವ.”

ಎರಡನೆಯದು ಹೆಣ್ಣು. ಅದು ಇನ್ನೂ ಸಣ್ಣದು. ಸಾಬವ್ವ ಎರಡರ ಹೊಕ್ಕುಳ ಬಳ್ಳಿಯನ್ನೂ ಕೊಯ್ದು ಕಟ್ಟಿ, ಎರಡನ್ನೂ ಒಂದೇ ಬಟ್ಟೆಯಲ್ಲಿ ಅಕ್ಕಪಕ್ಕ ಇಟ್ಟಳು. ಒರೆಸಲಿಲ್ಲ, ಸುತ್ತಲಿಲ್ಲ. ಗುರುಶಾಂತಮ್ಮನ ಕಡೆ ತಿರುಗಿ ಕೇಳಿದಳು.

“ಏಳೋ ಎಂಟೋ?”

ಆ ಸೀಮೆಯ ಹೆಂಗಸರಿಗೆಲ್ಲ ಈ ಪ್ರಶ್ನೆ ಗೊತ್ತಿತ್ತು. ಏಳು ತಿಂಗಳಲ್ಲಿ ಹುಟ್ಟಿದ ಕೂಸು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಅವರು ನಂಬಿದ್ದರು. ಯಾಕೆಂದು ಯಾರೂ ಕೇಳಿದವರಿರಲಿಲ್ಲ. ಏಳಾದರೆ ಅರಳೆ ತರುತ್ತಿದ್ದರು, ಕೆಂಡ ತರುತ್ತಿದ್ದರು. ಎಂಟಾದರೆ ಕೂಸನ್ನು ಮೂಲೆಯಲ್ಲಿಟ್ಟು ಬಾಣಂತಿಯನ್ನಷ್ಟೇ ನೋಡಿಕೊಳ್ಳುತ್ತಿದ್ದರು.

ಹೋದ ವರ್ಷ ಓಣಿಯ ಕೊನೆಯ ಮನೆಯ ಮಲ್ಕಮ್ಮ ಎಂಟರಲ್ಲಿ ಹಡೆದಿದ್ದಳು. ಆ ಮನೆಗೆ ರೊಟ್ಟಿ ಕೊಟ್ಟು ಬರಲು ಗುರುಶಾಂತಮ್ಮ ಹೋಗಿದ್ದಳು. ಕೂಸು ಮೂಲೆಯಲ್ಲಿ ಮೊರದೊಳಗಿತ್ತು. ಮೇಲೆ ಒಂದು ತೆಳ್ಳನೆಯ ಧೋತರದ ಚೂರು. ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಮಲ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಂಗಸರು ಪಡಸಾಲೆಯಲ್ಲಿ ಕೂತು ತೊಗರಿ ಬಿತ್ತುವ ಮಾತಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಕೂಸು ಸತ್ತಿತು. ಎಲ್ಲರೂ ಎದ್ದು, ಮೊದಲೇ ಗೊತ್ತಿದ್ದ ಕೆಲಸವನ್ನು ಮಾಡುವವರ ಹಾಗೆ ತಮ್ಮ ತಮ್ಮ ಕೆಲಸ ಮಾಡಿದರು.

ಗುರುಶಾಂತಮ್ಮನಿಗೆ ತನ್ನದು ಎಂಟೆಂದು ಗೊತ್ತಿತ್ತು. ಗಂಡ ದೌಲತರಾಯ ಸೋಲಾಪುರದ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ. ದೀಪಾವಳಿಗೆ ಬಂದು, ಪಾಡ್ಯ ಮುಗಿಸಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಲಡಾಯಿಯ ಕಾಲ, ಗಿರಣಿ ಹಗಲು ರಾತ್ರಿ ನಡೆಯುತ್ತಿತ್ತು, ಸುಟ್ಟಿ ಕೇಳಿದರೆ ಆಳುಗಳ ಮೇಲಿನ ಮುಕದ್ದಮ ಬೈಯುತ್ತಿದ್ದ. ಅವನಿಗೆ ಸುಟ್ಟಿ ಸಿಗದೆ ಬಸುರಿಗೆ ಮಾಡುವ ಕುಬಸದ ಕಾರ್ಯವೂ ಮುಂದೆ ಹೋಗಿತ್ತು. ಬಸಿರಾದ ಮಾತನ್ನು ಅವಳು ನಾಚಿಕೆಗೆ ತಡ ಮಾಡಿ ಹೇಳಿದ್ದರಿಂದ ಅತ್ತೆಯ ಬಳಿ ಸರಿಯಾದ ಲೆಕ್ಕವಿರಲಿಲ್ಲ.

“ಕಿವಿ ಕೇಳ್ಸಲ್ದೇನ ಎವ್ವಾ? ಏಳೋ ಎಂಟೋ?” ಸಾಬವ್ವ ಮತ್ತೆ ಕೇಳಿದಳು.

“ಏಳು,” ಅಂದಳು ಗುರುಶಾಂತಮ್ಮ.

“ಖರೇನ?”

“ಖರೇ. ನಾನ ಎಣಸೇನಿ.”

ಗುರಮ್ಮ ಆಗಲೇ ಎದ್ದಿದ್ದಳು. “ಏಳರವು ಗಟ್ಟಿ ಇರ್ತಾವ. ಸಾಬೀ, ಕುಂತಿ ಏನ, ಒರಸು ಜಲ್ದಿ. ಅಟ್ಟದ ಮ್ಯಾಲ ಅರಳಿ ಅದ, ತರ್ತೇನಿ.”

ಅರಳೆ ಬಂತು. ಔಡಲೆಣ್ಣೆ ಬಂತು. ಶಿಗಡಿಯಲ್ಲಿ ಕುಳ್ಳಿನ ಕೆಂಡ ಬಂತು. ಜೋಳವನ್ನು ಬಾಣಲೆಯಲ್ಲಿ ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ತನ್ನ ಕೆನ್ನೆಗೆ ಹಚ್ಚಿ ನೋಡಿ, ಆಮೇಲೆ ಕೂಸುಗಳ ಮಗ್ಗುಲಿಗಿಟ್ಟಳು ಗುರಮ್ಮ. ಆದರೆ ಗಂಟು ಆರಿದ ಕೂಡಲೇ ಕೂಸುಗಳ ಕಾಲು ನೀಲಿಯಾಗುತ್ತಿದ್ದವು.

“ಅರಳಿ ಸಾಲಂಗಿಲ್ಲ,” ಅಂದಳು ಸಾಬವ್ವ. “ಮೈ ಕಾವು ಬೇಕು. ಒಬ್ಬೊಬ್ಬರು ಒಂದೊಂದ ಎದಿಗಿ ಕಟ್ಟಕೊಳ್ರಿ. ಎರಡನೂ ಒಬ್ಬಾಕಿಗಿ ಆಗಂಗಿಲ್ಲ. ಒಂದಕ್ಕ ಹಾಲ ಹಾಕದ್ರಾಗ ಇನ್ನೊಂದ ತಣ್ಣಗಾಗ್ತದ.”

ಹೀಗೆ ಗಂಡು ತಾಯಿಯ ಎದೆಗೆ, ಹೆಣ್ಣು ಅಜ್ಜಿಯ ಎದೆಗೆ ಬಂದವು. ಗುರಮ್ಮ ಕುಪ್ಪಸದ ಗಂಟು ಬಿಚ್ಚಿ ಮೊಮ್ಮಗಳನ್ನು ಮೈಗೆ ಹಚ್ಚಿಕೊಂಡು, ಮೇಲೆ ಸೀರೆಯ ಸೆರಗನ್ನು ಬಿಗಿಯಾಗಿ ಸುತ್ತಿದಳು. ಹಾಲು ಹಿಂಡಿ, ಅರಳೆಯ ಬತ್ತಿ ಅದ್ದಿ, ತುಟಿಯ ಮೇಲೆ ಹನಿ ಹನಿ ಬಿಡಬೇಕಾಗಿತ್ತು. ಒಂದು ಗುಟುಕು ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು.

ಅತ್ತೆ ಸೊಸೆ ಒಂದೇ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರು ಅಷ್ಟು ಹತ್ತಿರ ಕೂತದ್ದು ಅದೇ ಮೊದಲು.

“ನಿನ್ನ ಗಂಡ ಹುಟ್ಟಿದಾಗ ಇಂಥಾವು ಮೂರು ಕೂಡ್ಸಿದಷ್ಟಿದ್ದ,” ಅಂದಳು ಗುರಮ್ಮ. “ನನ್ನ ಅರ್ಧಾ ಜೀವಾ ತಿಂದೇ ಹೊರಗ ಬಂದ. ಈಗೂ ಹಂಗೇ ತಿಂತಾನ.”

ಗುರುಶಾಂತಮ್ಮ ನಕ್ಕಳು. ನಗುವುದಕ್ಕೂ ಹೊಟ್ಟೆ ನೋಯುತ್ತಿತ್ತು.

“ನಗಬ್ಯಾಡ. ನನ್ನ ನೋಡು. ಗಂಡ ಸತ್ತು ಹತ್ತ ವರ್ಷಕ್ಕ ಹೊಟ್ಟಿ ಮುಂದ ಬಂದದ. ಸೈದಪ್ಪ ನೀರಿನ ಕೊಡ ಇಟ್ಟವ ನನ್ನ ನೋಡಿ ಗಾಬರಿ ಆಗಿ ಓಡಿ ಹೋದ.”

“ಅವಗ ಹೇಳಬೇಕಿತ್ತು ಅತ್ತಿ.”

“ಏನಂತ ಹೇಳ್ಲಿ? ಇದು ನಂದಲ್ಲಪಾ ಅಂತನಾ?”

ಇಬ್ಬರೂ ನಕ್ಕರು. ಗುರಮ್ಮ ಸೆರಗಿನೊಳಗೆ ಇಣುಕಿ, “ಎಚ್ಚರಾಗಿ ಕೇಳ್ತಾಳ ನೋಡು, ಚಾಡಿಕೋರಿ,” ಅಂದಳು. ಗುರುಶಾಂತಮ್ಮನಿಗೆ ತಾನು ಹೇಳಿದ ಸುಳ್ಳು ಬಹಳ ಸಣ್ಣದೆನ್ನಿಸಿತು. ಹೆತ್ತ ಅವ್ವ ಸತ್ತು ಹೋಗಿದ್ದಳು, ತವರು ಹವಳಗಾದಲ್ಲಿ, ದೂರ. ಈ ಕೋಣೆಯಲ್ಲಿ ಹೀಗೆಯೇ ಇದ್ದುಬಿಟ್ಟರೆ ಎರಡೂ ಬದುಕುತ್ತವೆ ಎಂದುಕೊಂಡಳು.

ಪಕ್ಕದ ಮನೆಯ ಕಸ್ತೂರಿಬಾಯಿ ಕೂಸು ನೋಡಲು ಬಂದಳು. ಹೊಸ್ತಿಲ ಆಚೆಯೇ ನಿಂತು ಕತ್ತು ಚಾಚಿದಳು.

“ಅವಳಿಜವಳಿ ಅಂತಲ್ಲ. ಎಷ್ಟರಾಗ ಬಿದ್ವು?”

“ಏಳರಾಗ,” ಅಂದಳು ಗುರಮ್ಮ, ಹೆಮ್ಮೆಯಿಂದ. “ಎರಡೂ ಹಾಲು ನುಂಗಾಕತ್ಯಾವ.”

ಕಸ್ತೂರಿಬಾಯಿ ಬೆರಳು ಮಡಚಿದಳು. “ಏಳಂದ್ರ ದೀವಳಿಗಿ ಆಗಿ ತಿಂಗಳಿಗಿ, ಛಟ್ಟಿ ಅಮವಾಸಿ ಆದ ಮ್ಯಾಲಿಂದು. ಆಗ ದೌಲತ ಬಂದಿದ್ದೇನು? ನಾ ನೋಡ್ಲೇ ಇಲ್ಲಬೇ.”

ಗುರಮ್ಮ ಸೆರಗಿನೊಳಗಿನ ಕೂಸಿನ ಕಡೆ ನೋಡಿದಳು.

“ಗಿರಣಿ ಮಂದೀದೇನ ಹೇಳಾಕ ಬರ್ತದ,” ಅಂದಳು ಕಸ್ತೂರಿಬಾಯಿ. “ಕತ್ತಲಾಗ ಬಂದು ನಸಿಕಿನ್ಯಾಗ ಹೋಗಿರಬೇಕು. ಹೆಂಡತಿಗಿ ಗೊತ್ತಾದ್ರ ಸಾಕು, ಓಣಿಗೆಲ್ಲ ಯಾಕ ಗೊತ್ತಾಗಬೇಕು. ಬರ್ತೇನಿ ಗುರವ್ವಕ್ಕ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ.”

ಅವಳು ಹೋದ ಮೇಲೆ ಗುರಮ್ಮ ಬೆರಳಿನ ಗಿಣ್ಣುಗಳ ಮೇಲೆ ಹೆಬ್ಬೆರಳಿಟ್ಟು ಅಮಾವಾಸ್ಯೆಗಳನ್ನು ಎಣಿಸಿದಳು. ಮುಗಿದ ಮೇಲೆ ಮತ್ತೊಮ್ಮೆ ಎಣಿಸಿದಳು. ಆಮೇಲೆ ಸೆರಗು ಬಿಚ್ಚಿ, ಹೆಣ್ಣು ಕೂಸನ್ನು ಹೊರತೆಗೆದು ಗುರುಶಾಂತಮ್ಮನ ತೊಡೆಯ ಮೇಲಿಟ್ಟಳು.

“ಹಿಡಿ.”

“ಅತ್ತಿ?”

“ದೌಲ್ಯಾ ಪಾಡ್ಯಾ ಮಾಡಿ ಹೋದ. ಮುಂದ ಈ ಹೊಸ್ತಲಾ ತುಳದಿಲ್ಲ.”

ಗುರುಶಾಂತಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. “ಎಂಟ್ರಿ ಅತ್ತಿ. ನಾ ಸುಳ್ಳ ಹೇಳ್ದೆ. ಎಂಟರಾಗ ಬಿದ್ದಾವ.”

“ಯಾಕ ಹೇಳ್ದಿ ಸುಳ್ಳ?”

“ಮಲ್ಕಮ್ಮನ ಕೂಸಿನಂಗ ಮೊರದಾಗ ಇಡ್ತಿದ್ರಿ.”

ಗುರಮ್ಮ ಸೊಸೆಯ ಮುಖವನ್ನೇ ನೋಡಿದಳು. ನಂಬಿದಳೆಂದು ಒಂದು ಗಳಿಗೆ ಅನ್ನಿಸಿತು. ಅಷ್ಟರಲ್ಲಿ ಗಂಡು ಕೂಸು ಸೀನಿತು. ಸಣ್ಣ ಸೀನು, ಆದರೆ ಇಡೀ ಮೈ ಅಲುಗಿತು.

“ಎಂಟರವಾಗಿದ್ರ ಹುಟ್ಟಿದ ದಿವಸ ಹೋಗ್ತಿದ್ವು,” ಅಂದಳು ಗುರಮ್ಮ. “ನೋಡಲ್ಲಿ. ಎಂಟರವು ಸೀನ್ತಾವೇನ ಬೇ?”

ಕೂಸುಗಳು ಉಸಿರಾಡುತ್ತಿದ್ದವು, ಅದೇ ತಪ್ಪಾಗಿತ್ತು. ಅವು ಇಂದೇ ಸತ್ತರೆ ಅವಳು ಗರತಿ. ಬದುಕಿದರೆ, ಬದುಕಿದಷ್ಟು ದಿನವೂ ಅವಳ ಮೇಲೆ ಸಾಕ್ಷಿ.

ಗುರಮ್ಮ ಸಾಬವ್ವನನ್ನು ಅಂಗಳಕ್ಕೆ ಕರೆದು ಕೇಳಿದ್ದು ಒಳಗೆ ಕೇಳಿಸಿತು. “ಖರೇ ಹೇಳು ಸಾಬೀ. ಎಂಟರವು ಉಳದಿದ್ದ ಕಂಡೀಯೇನು?”

“ನಾ ಹಿಡದ ಕೂಸಿನ್ಯಾಗ ಒಂದೂ ಉಳದಿಲ್ಲೆವ್ವ,” ಅಂದಳು ಸಾಬವ್ವ.

ಅವಳು ಸುಳ್ಳು ಹೇಳಲಿಲ್ಲ. ಅವಳು ಹಿಡಿದ ಎಂಟರ ಕೂಸುಗಳನ್ನೆಲ್ಲ ಮೊರದಲ್ಲಿಟ್ಟಿದ್ದರು. ಈ ಎರಡು ಸಂಗತಿಗಳನ್ನು ಜೋಡಿಸಿ ನೋಡಬೇಕೆಂದು ಅವಳಿಗಾಗಲಿ, ಗುರಮ್ಮನಿಗಾಗಲಿ ಅನ್ನಿಸಲಿಲ್ಲ. ಗುರಮ್ಮ ಅಂದೇ ಗಾಡಿಯ ದಾವಲಸಾಬನ ಮನೆಗೆ ಹೋದಳು. ಅವನು ದುಧನಿಯ ಪೇಟೆಗೆ ಮಾಲು ಹೊಡೆಯುತ್ತಿದ್ದ. ಅಲ್ಲಿಂದ ಸೋಲಾಪುರಕ್ಕೆ ಹೋಗುವವರ ಕೈಯಲ್ಲಿ ಮಗನಿಗೆ ಬರಹೇಳಿ ಕಳಿಸಿದಳು.

ಮರುದಿನದಿಂದ ಗುರುಶಾಂತಮ್ಮನ ಊಟ ಹೊಸ್ತಿಲ ಮೇಲೆ ಬಂತು. ಬಾಣಂತಿಗೆ ಕೊಡುವ ಬೆಲ್ಲ ತುಪ್ಪದ ಸಜ್ಜಕ ನಿಂತಿತು. ಆರಿದ ರೊಟ್ಟಿ, ಬೇಳೆಯ ನೀರು. ಕುಳ್ಳಿನ ಬುಟ್ಟಿ ದಿನಕ್ಕೊಂದು ಬರುತ್ತಿತ್ತು, ಅದು ಸಾಲುತ್ತಿರಲಿಲ್ಲ. ತಾನೇ ಹೊತ್ತು ಒಟ್ಟಿದ ಕುಳ್ಳು ಗೋಡೆಯ ಆಚೆ ಅಟ್ಟದೆತ್ತರ ಇತ್ತು.

ಎರಡೂ ಕೂಸು ಈಗ ಅವಳ ಎದೆಯ ಮೇಲಿದ್ದವು. ಎಡಕ್ಕೆ ಹೊರಳುವಂತಿಲ್ಲ, ಬಲಕ್ಕೆ ಹೊರಳುವಂತಿಲ್ಲ. ಒಂದರ ತುಟಿಗೆ ಬತ್ತಿ ಹಿಡಿದಾಗ ಇನ್ನೊಂದು ಜಾರಿ ಸೆರಗಿನ ಹೊರಗೆ ಬರುತ್ತಿತ್ತು. ಅದನ್ನು ಒಳಗೆಳೆದುಕೊಂಡರೆ ಹಾಲು ಚೆಲ್ಲುತ್ತಿತ್ತು. ಕೂತೇ ನಿದ್ದೆ ಹೋಗುತ್ತಿದ್ದಳು, ಬೆಚ್ಚಿ ಎದ್ದು ಎರಡರ ಮೂಗಿನ ಮುಂದೂ ಬೆರಳು ಹಿಡಿಯುತ್ತಿದ್ದಳು. ಅವಳಿಗೆ ಜ್ವರ ಬಂತು. ಜ್ವರ ಬಂದದ್ದಕ್ಕೆ ಸಂತೋಷವೂ ಆಯಿತು, ಮೈ ಬಿಸಿಯಿರುತ್ತದೆಂದು. ಆದರೆ ಹಾಲು ಕಡಿಮೆಯಾಯಿತು.

“ಅತ್ತಿ, ಹವಳಗಾಕ್ಕರೆ ಹೇಳಿ ಕಳಸ್ರಿ,” ಎಂದು ಒಳಗಿನಿಂದ ಕೂಗಿದಳು. “ನಮ್ಮಣ್ಣ ವೈನಿಗಿ ಕಳಸ್ತಾನ.”

“ಅವ ಬರ್ಲಿ,” ಎಂದು ಪಡಸಾಲೆಯಿಂದ ಉತ್ತರ ಬಂತು. ಆ ದಿನ ಗುರಮ್ಮ ಆಡಿದ್ದು ಅದೊಂದೇ ಮಾತು.

ಐದನೆಯ ದಿನದ ಪೂಜೆ ನಡೆಯಲಿಲ್ಲ. ಕೂಸಿಗೆ ಲಿಂಗ ಕಟ್ಟಲು ಮಠದ ಅಯ್ಯನನ್ನು ಕರೆಯಲಿಲ್ಲ. ಯಾರ ಕೂಸೆಂದು ಗೊತ್ತಾಗುವವರೆಗೆ ಯಾವ ಮನೆಯ ಲಿಂಗ ಕಟ್ಟುವುದು? ಆದರೆ ಬಾಣಂತಿಗೆ ನೀರು ಹಾಕಿಸಿ ಕೋಣೆ ಸಾರಿಸಿದ್ದಾಯಿತು, ಅಂದಿನಿಂದ ಸಾಬವ್ವ ಒಳಗೆ ಬರುವಂತಿರಲಿಲ್ಲ. ತಮ್ಮಲ್ಲಿ ಸೂತಕವಿಲ್ಲ, ಮೇಲು ಕೀಳಿಲ್ಲ ಎಂದು ಆ ಮನೆಯವರು ಹೇಳುತ್ತಿದ್ದರು. ಹೆರುವಾಗ ಸಾಬವ್ವನ ಕೈ ಬೇಕಿತ್ತು, ಹೆತ್ತ ಮೇಲೆ ಅವಳು ಹಿತ್ತಲ ಗೋಡೆಯ ಆಚೆ.

ಗುರುಶಾಂತಮ್ಮ ಹಿತ್ತಲಿಗೆ ಹೋದಾಗ ಆ ಗೋಡೆಯ ಮೇಲಿಂದಲೇ ಸಾಬವ್ವ ಮಾತಾಡಿಸಿದಳು.

“ಎರಡೂ ಜೀವಂತ ಅದಾವೇನವ್ವ?”

“ಅದಾವ.”

“ಗಂಡಿನ ಕಾಲ ತೋರಸು.”

ಗುರುಶಾಂತಮ್ಮ ಸೆರಗು ಸರಿಸಿ ತೋರಿಸಿದಳು. ಸಾಬವ್ವ ಮುಟ್ಟಲಿಲ್ಲ, ನೋಡಿದಳಷ್ಟೇ.

“ಒಂದ ನನಗ ಕೊಡು. ನನ್ನ ಮಗಳು ಹಡದ ಬಂದಾಳ, ಮೈತುಂಬ ಹಾಲದಾವ. ಎದಿ ಮ್ಯಾಲ ಹಾಕ್ಕೊಂಡ ಇಟ್ಕೋತಾಳ. ಗಟ್ಟಿ ಆದ ಮ್ಯಾಲ ನೀ ಒಯ್ಯಿ.”

ಗುರುಶಾಂತಮ್ಮ ಕೂಸಿನ ಕಾಲನ್ನು ಸೆರಗಿನೊಳಗೆ ಸೇರಿಸಿದಳು. ಕೇರಿಯಲ್ಲಿ ಹಾಲು ಕುಡಿದ ಕೂಸನ್ನು ತಿರುಗಿ ಈ ಮನೆಯ ಹೊಸ್ತಿಲೊಳಗೆ ತರಲಾಗುವುದಿಲ್ಲ. ಅಯ್ಯ ಲಿಂಗ ಕಟ್ಟುವುದಿಲ್ಲ. ಅತ್ತೆಯ ಅನುಮಾನ ಹಾಗಿರಲಿ, ತವರಿನಲ್ಲಿ ತನ್ನ ಅಪ್ಪನೇ ಒಳಗೆ ಕರೆಯುವುದಿಲ್ಲ. ಮಗನ ಕಾಲು ತಣ್ಣಗೆ ಹೊಟ್ಟೆಗೆ ತಾಗುತ್ತಿರುವಾಗಲೇ ಅವಳು ಇದನ್ನೆಲ್ಲ ಯೋಚಿಸಿದಳು. ಯೋಚಿಸುತ್ತಿದ್ದೇನೆಂಬುದೂ ಅವಳಿಗೆ ಗೊತ್ತಿತ್ತು.

“ಅವರು ಬರ್ಲಿ. ಕೇಳ್ತೇನಿ.”

“ಕೇಳು,” ಅಂದಳು ಸಾಬವ್ವ. “ಅಲ್ಲೀತನಕ ಕೂಸಿಗಿ ಪುರಸೊತ್ತ ಇರಬೇಕಲ್ಲ.” ಗೋಡೆಯ ಮೇಲೆ ಒಂದು ಚಿಂದಿ ಗಂಟು ಇಟ್ಟು ಹೋದಳು. ಅದರಲ್ಲಿ ಹಿಂಜಿದ ಅರಳೆ ಇತ್ತು. ಅದನ್ನು ಗುರುಶಾಂತಮ್ಮ ತೆಗೆದುಕೊಂಡಳು.

ದೌಲತರಾಯ ದಾವಲಸಾಬನ ಗಾಡಿಯಲ್ಲಿ ಒಂದು ಬೆಳಿಗ್ಗೆ ಬಂದ. ಕಿವಿಯ ಮಡಿಕೆಯಲ್ಲಿ ಗಿರಣಿಯ ನೂಲಿನ ಧೂಳು ಹಾಗೇ ಇತ್ತು. ಅವ್ವ ಅಂಗಳದಲ್ಲಿಯೇ ಕೂರಿಸಿಕೊಂಡು ಎಲ್ಲ ಹೇಳಿದಳು. ಅವನು ಕೋಣೆಯ ಬಾಗಿಲಿಗೆ ಬಂದಾಗ ಕೈಯಲ್ಲಿ ಕಾಗದದ ಪೊಟ್ಟಣವಿತ್ತು. ಅದನ್ನು ಗೂಡಿನಲ್ಲಿಟ್ಟ. ಗುರುಶಾಂತಮ್ಮ ಆಮೇಲೆ ಬಿಚ್ಚಿ ನೋಡಿದಾಗ ಎರಡು ಅಂಗಿ ಇದ್ದವು, ವರ್ಷದ ಕೂಸಿಗೆ ಆಗುವಂಥವು.

“ಎಂಟಾ?” ಅಂದ ದೌಲತರಾಯ.

“ಎಂಟ್ರಿ. ನಿಮಗ ಗೊತ್ತದಲ್ಲ. ದೀವಳಿಗಿ.”

“ನಾ ಬಂದಿದ್ದ ನನಗ ಗೊತ್ತದ. ಏಳಂತ ಅಂದಾಕಿ ನೀನ.”

“ಉಳಸಾಕ ಅಂದೆ.”

ಅವನು ಹೊಸ್ತಿಲ ಮೇಲೆ ಕೂತ. ಕೂಸುಗಳ ಕಡೆ ನೋಡಿದ, ಬೇಗ ಕಣ್ಣು ತೆಗೆದ. “ಎಂಟರವು ಉಳದಿದ್ದ ಎಲ್ಲೆರ ಕೇಳೀಯೇನು?”

“ಸೋಲಾಪುರದಾಗ ದೊಡ್ಡ ದವಾಖಾನಿ ಅದ ಅಂತಿದ್ರಿ. ಅಲ್ಲಿ ಡಾಕ್ಟರಗ ಕೇಳ್ರಿ. ಅವರಿಗಿ ಗೊತ್ತಿರ್ತದ.”

“ಏನಂತ ಕೇಳ್ಲಿ? ನನ್ನ ಹೆಂಡ್ತಿ ಹಡದಾಳ, ನನ್ನವೋ ಅಲ್ಲೋ ಹೇಳ್ರಿ ಅಂತನಾ?” ಅವನ ದನಿ ಏರಿತು. ಅಂಗಳದ ಕಡೆ ನೋಡಿ ಮತ್ತೆ ತಗ್ಗಿಸಿದ. “ಖಾತೆದಾಗ ನಮ್ಮೂರವರು ನಾಕ ಮಂದಿ ಅದಾರ. ನಾ ಹೋಗೂದ್ರಾಗ ಸುದ್ದಿ ಹೋಗಿರ್ತದ.”

ಗುರುಶಾಂತಮ್ಮ ಜಾರುತ್ತಿದ್ದ ಕೂಸನ್ನು ಮೇಲೆಳೆದುಕೊಂಡು ಕೇಳಿದಳು. “ಒಂದ ಹಿಡಕೊಳ್ರಿ. ಸಂಜೀತನ ಬ್ಯಾಡ, ಗಳಿಗಿ ಹೊತ್ತು. ನನಗ ಬೆನ್ನ ನೆಲಕ್ಕ ಹಚ್ಚಬೇಕು.”

ಅವನು ಅಂಗಳದ ಕಡೆ ಮತ್ತೊಮ್ಮೆ ನೋಡಿದ. ಆಮೇಲೆ ಒಳಗೆ ಬಂದು ಅಂಗಿಯ ಗುಂಡಿ ಬಿಚ್ಚಿದ. ಅವಳು ಗಂಡು ಕೂಸನ್ನು ಅವನ ಎದೆಗೆ ಹಚ್ಚಿ, ಕೈ ಎಲ್ಲಿಡಬೇಕೆಂದು ತೋರಿಸಿದಳು. ಅವನು ಉಸಿರು ಬಿಗಿಹಿಡಿದು ಕೂತ. “ಹಗುರ ಅದ,” ಅಂದ. ಅದು ಅವನ ಮಗನ ಬಗ್ಗೆ ಅವನು ಆಡಿದ ಒಂದೇ ಮಾತು. ಸಾಬವ್ವ ಕೇಳಿದ್ದನ್ನು ಅವನಿಗೆ ಹೇಳಬೇಕಾಗಿತ್ತು. ಗುರುಶಾಂತಮ್ಮ ಹೇಳಲಿಲ್ಲ. ಹೇಳಿದರೆ ಅವನೇನು ಅನ್ನುತ್ತಾನೆಂದು ಗೊತ್ತಿತ್ತು. ತನಗೂ ಅದೇ ಅನ್ನಿಸಿತ್ತು. ಅವಳು ಹೆಣ್ಣನ್ನು ಎದೆಯ ಮೇಲಿಟ್ಟುಕೊಂಡು ಅಂಗಾತ ಮಲಗಿದಳು. ಕೂಡಲೇ ನಿದ್ದೆ ಬಂತು.

ಎಚ್ಚರಾದಾಗ ಗಂಡ ಅಂಗಳದಲ್ಲಿ ಉಣ್ಣುತ್ತಿದ್ದ. ತಾಟಿನ ಸದ್ದು ಕೇಳುತ್ತಿತ್ತು. ಗಂಡು ಕೂಸು ಅವಳ ಮಗ್ಗುಲಲ್ಲಿ ಅರಳೆಯ ಮೇಲಿತ್ತು. ಅರಳೆ ಮೊರದೊಳಗಿತ್ತು. ಅವನಿಗೆ ಮೊರದ ಮಾತು ಗೊತ್ತಿರಲಿಲ್ಲ. ಉಣ್ಣಲು ಕರೆದಿದ್ದರು, ಕೈಗೆ ಸಿಕ್ಕಿದ್ದರಲ್ಲಿ ಜತನವಾಗಿ ಮಲಗಿಸಿ ಹೋಗಿದ್ದ. ಕೂಸಿನ ಕಾಲು ಮೊಣಕಾಲಿನವರೆಗೆ ನೀಲಿಯಾಗಿತ್ತು. ಅವಳು ಅದನ್ನು ಎತ್ತಿ ಎದೆಗೊತ್ತಿ ಬಹಳ ಹೊತ್ತು ಉಜ್ಜಿದಳು.

ಅಂದೇ ಅವನು ಹೊರಟ. ಮುಕದ್ದಮ ಒಂದೇ ದಿನದ ಸುಟ್ಟಿ ಕೊಟ್ಟಿದ್ದ.

“ಪಂಚಮಿಗಿ ಬರ್ತೇನಿ,” ಅಂದ ಬಾಗಿಲಲ್ಲಿ ನಿಂತು. “ಅಷ್ಟ್ರಾಗ ಗೊತ್ತಾಗ್ತದ.”

“ಏನ ಗೊತ್ತಾಗ್ತದ್ರಿ?”

ಅವನು ಕೂಸುಗಳ ಕಡೆ ನೋಡಿದ. ಚಪ್ಪಲಿ ಮೆಟ್ಟಿದ. ಅವನು ಕೆಟ್ಟವನಲ್ಲ, ಹೊಡೆದವನಲ್ಲ, ಬೈದವನಲ್ಲ. ಪಂಚಮಿಯವರೆಗೆ ಕಾಯುತ್ತೇನೆ ಎಂಬ ಹಾಗೆ ಹೋದ. ಅವನು ಯಾವುದನ್ನು ಕಾಯುತ್ತಾನೆಂದು ಗಾಡಿಯ ಸದ್ದು ದೂರವಾದ ಮೇಲೆ ಗುರುಶಾಂತಮ್ಮನಿಗೆ ಸರಿಯಾಗಿ ಅರ್ಥವಾಯಿತು.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಳೆ ಹಿಡಿದಿತ್ತು. ಮಧ್ಯಾಹ್ನ ಗಂಡು ಕೂಸು ಬತ್ತಿಯ ಹಾಲನ್ನು ನುಂಗಲಿಲ್ಲ. ಹಾಲು ಬಾಯಿಯ ಮೂಲೆಯಿಂದ ಹೊರಗಿಳಿಯಿತು. ಗುರುಶಾಂತಮ್ಮ ಒರೆಸಿ ಮತ್ತೆ ಹಾಕಿದಳು. ಮತ್ತೆ ಇಳಿಯಿತು. ಮೂಗಿನ ಮುಂದೆ ಬೆರಳು ಹಿಡಿದಳು, ಗಲ್ಲ ಹಿಡಿದಳು. ಆಮೇಲೂ ಅದನ್ನು ಎದೆಯಿಂದ ತೆಗೆಯಲಿಲ್ಲ. ಅವಳದೇ ಕಾವಿಗೆ ಅದು ಇನ್ನೂ ಬಿಸಿಯಿತ್ತು. ಹೆಣ್ಣು ಕೂಸು ಮಿಸುಕಾಡಿದಾಗ ಅದನ್ನು ಎತ್ತಿ ನಡುವೆ ತರಬೇಕಾಯಿತು, ನಡುವೆ ತರಬೇಕಾದರೆ ಇನ್ನೊಂದನ್ನು ಕೆಳಗಿಡಬೇಕಾಯಿತು. ಆಗ ಅತ್ತೆಯನ್ನು ಕರೆದಳು.

ಗುರಮ್ಮ ಒಳಗೆ ಬಂದು ನೋಡಿದಳು. ಸತ್ತ ಕೂಸನ್ನು ಎತ್ತಿಕೊಂಡು ಗೋಡೆಗೆ ಒರಗಿ ಅತ್ತಳು. ಅಳು ಖರೆಯದಾಗಿತ್ತು. ತಲೆ ನೇವರಿಸಿದಳು, ಬೆರಳು ಬಿಡಿಸಿ ನೋಡಿದಳು. ಸೈದಪ್ಪ ಗೋಣಿಯ ಕೊಪ್ಪೆ ಹಾಕಿಕೊಂಡು ಸಲಿಕೆ ಹಿಡಿದು ಬಂದ. ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದು, ಹಿತ್ತಲಲ್ಲಿ ಕೈ ತೊಳೆದ. ಮಣ್ಣಿನ ಎತ್ತು ಮಾಡುವ ಹಸಿ ಮಣ್ಣು ಅಂಗಳದ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಮಳೆ ಬಿಟ್ಟ ಮೇಲೆ ಗುರಮ್ಮ ತಾಟಿನಲ್ಲಿ ಬಿಸಿ ಸಜ್ಜಕ ತಂದಳು. ಹೊಸ್ತಿಲ ಮೇಲಿಡಲಿಲ್ಲ. ಒಳಗೆ ಬಂದು, ಸೊಸೆಯ ಮಗ್ಗುಲಲ್ಲಿ ಅದೇ ಗೋಡೆಗೆ ಬೆನ್ನು ಹಚ್ಚಿ ಕೂತಳು. ತುಪ್ಪದ ಗಿಂಡಿಯೂ ಕೈಯಲ್ಲಿತ್ತು.

“ಉಣ್ಣು ನನ್ನವ್ವ. ಮೈ ಸುಡಾಕತ್ತದ ನಿಂದು.”

ಅಷ್ಟು ದಿನದ ಮೇಲೆ ಯಾರೋ ಅವಳ ಹಣೆ ಮುಟ್ಟಿದ್ದರು.

“ನಾ ತಪ್ಪ ತಿಳಕೊಂಡೆ,” ಅಂದಳು ಗುರಮ್ಮ. “ಏಳರದಾಗಿದ್ರ ಉಳೀತಿತ್ತು. ಎಂಟರದ ಖರೇ. ದಾವಲಸಾಬನ ಕೈಲೆ ದೌಲ್ಯಾಗ ಹೇಳಿ ಕಳಸ್ತೇನಿ. ಆ ಕಸ್ತೂರಿ ಬರ್ಲಿ, ಅಕಿ ನಾಲಗಿ ಹಿಡದ ಎಳೀತೇನಿ.”

ಗುರುಶಾಂತಮ್ಮ ತಾಟು ಹತ್ತಿರಕ್ಕೆ ಎಳೆದುಕೊಂಡಳು.

“ಅದನ್ನ ಮಗ್ಗಲಿಗಿಡು. ಇವತ್ತೋ ನಾಳಿಗೋ ಅದೂ ಹೋಗೂದೇ. ಎಷ್ಟಂತ ಜೀವಾ ತೇಯ್ತಿ? ನಿನಗಿನ್ನಾ ವಯಸ್ಸದ, ಗಂಡ ಅದಾನ. ಸಂಜಿಗಿ ನಾನ ಎರೀತೇನಿ, ಬೆನ್ನ ತಿಕ್ತೇನಿ.”

ಮೊರ ಅಲ್ಲಿಯೇ ಇತ್ತು, ಕೈಗೆ ಸಿಗುವಷ್ಟು ಹತ್ತಿರ. ಅದರೊಳಗೆ ಅರಳೆಯೂ ಇತ್ತು. ಕೂಸನ್ನು ಅದರಲ್ಲಿಟ್ಟರೆ ಸಂಜೆಗೆ ಬಿಸಿ ನೀರು, ಬೆನ್ನಿಗೆ ಅತ್ತೆಯ ಕೈ, ಪಂಚಮಿಗೆ ಗಂಡ. ಅವಳು ಏನನ್ನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಕೈ ಬಿಡಬೇಕಾಗಿತ್ತು.

ಗುರುಶಾಂತಮ್ಮ ಒಂದು ಕೈಯಲ್ಲಿ ಸೆರಗನ್ನು ಬಿಗಿ ಹಿಡಿದು, ಇನ್ನೊಂದು ಕೈಯಲ್ಲಿ ಸಜ್ಜಕ ತಿಂದಳು. ಮಗ ಸತ್ತ ದಿನ ಅಷ್ಟು ತಿನ್ನಬಾರದಿತ್ತು. ಹಾಲಿಗೆ ಬೇಕಾಗಿತ್ತು, ತಿಂದಳು. ಗುರಮ್ಮ ಮತ್ತಷ್ಟು ತುಪ್ಪ ಹಾಕಲು ಗಿಂಡಿ ಬಗ್ಗಿಸಿದಳು.

ಆಗ ಸೆರಗಿನೊಳಗಿನಿಂದ ಕೂಸು ಅತ್ತಿತು. ಹುಟ್ಟಿದಾಗಿನಿಂದ ಅದು ಹಾಗೆ ಅತ್ತಿರಲಿಲ್ಲ. ಗಂಟಲು ತೆರೆದು, ಉಸಿರು ತೆಗೆದುಕೊಂಡು, ಮತ್ತೆ ಅತ್ತಿತು. ಅಂಗಳದಲ್ಲಿದ್ದ ಸೈದಪ್ಪ ತಿರುಗಿ ನೋಡಿದ್ದು ಬಾಗಿಲಿನಿಂದ ಕಂಡಿತು.

ಗುರಮ್ಮನ ಕೈ ನಿಂತಿತು. ಸೆರಗಿನ ಕಡೆ ನೋಡಿದಳು, ಸೊಸೆಯ ಮುಖದ ಕಡೆ ನೋಡಿದಳು. ಅಳು ನಿಲ್ಲಲಿ ಎಂದು ಇಬ್ಬರಲ್ಲಿ ಒಬ್ಬಳು ಕಾಯುತ್ತಿದ್ದಳು. ಅದು ನಿಲ್ಲಲಿಲ್ಲ.

“ಹಸದಾಳ,” ಅಂದಳು ಗುರುಶಾಂತಮ್ಮ.

ಗುರಮ್ಮ ಗಿಂಡಿಯನ್ನು ನೆಟ್ಟಗೆ ಮಾಡಿದಳು. ಎದ್ದು ಸೀರೆ ಕೊಡವಿದಳು. ಹೊಸ್ತಿಲು ದಾಟುವಾಗ ಬೆನ್ನು ತಿರುಗಿಸಿಯೇ ಹೇಳಿದಳು.

“ನೀರ ನೀನ ಕಾಸ್ಕೊ.”

ಗುರುಶಾಂತಮ್ಮ ಹಾಲು ಹಿಂಡಲು ಬಟ್ಟಲಿಗೆ ಕೈ ಚಾಚಿದಳು. ಬಟ್ಟಲು ದೂರವಿತ್ತು. ಅಳುತ್ತಿದ್ದ ಬಾಯನ್ನು ಹಾಗೇ ಮೊಲೆಗೆ ಹಚ್ಚಿದಳು. ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿ ಹಿಡಿಯಿತು. ನೋವಾಯಿತು. ಅವಳು ಅಲುಗಾಡಲಿಲ್ಲ.

ಶಿಗಡಿಯ ಕೆಂಡ ಆರುತ್ತ ಬಂದಿತ್ತು. ಕೂಸು ಕುಡಿದು ಮುಗಿಸಿದ ಮೇಲೆ ಅದನ್ನು ಎದೆಗೆ ಕಟ್ಟಿಕೊಂಡು ಕೋಣೆಯ ಗೋಡೆಯ ಆಚೆಗೆ ನಡೆದಳು. ಒಟ್ಟಿದ ಕುಳ್ಳಿನಿಂದ ಯಾರನ್ನೂ ಕೇಳದೆ ಬುಟ್ಟಿಯ ತುಂಬ ತೆಗೆದುಕೊಂಡಳು. ಬುಟ್ಟಿ ಎತ್ತಲು ಎರಡು ಕೈಯೂ ಬಿಡುವಾಗಿದ್ದವು. ಈಗ ಕೂಸು ಒಂದೇ. ಅದಕ್ಕೆ ಒಂದು ಮೈ ಸಾಕಾಗುತ್ತಿತ್ತು.